ಗಾಜು ಊದುವ ಕಾರ್ಯಾಗಾರಗಳಲ್ಲಿ ಸುರಕ್ಷತೆ

ಪೀಠಿಕೆ

ಕಾಲೇಜು, ಸಂಶೋಧನಾ ಸಂಸ್ಥೆ ಹಾಗೂ ಔಷಧ ತಯಾರಿಕಾ ಘಟಕಗಳ ಪ್ರಯೋಗಾಲಯಗಳಿಗೆ ಬೇಕಾದ ಕಂಡೆನ್ಸರ್, ಫ್ಲಾಸ್ಕ್, ನಿರ್ವಾತ ಉಪಕರಣ ಮುಂತಾದವುಗಳಲ್ಲಿ ಹಲವನ್ನು ಇಂದಿಗೂ ಕೈಯಿಂದಲೇ ತಯಾರಿಸಲಾಗುತ್ತದೆ. ಗಾಜಿನ ಕೊಳವೆಯನ್ನು ಬರ್ನರ್‌ನ ಜ್ವಾಲೆಯಲ್ಲಿ ಮೆದುಗೊಳಿಸಿ, ಗಾಳಿ ಊದಿ ಬೇಕಾದ ಆಕಾರಕ್ಕೆ ತರಲಾಗುತ್ತದೆ. ಇಂತಹ ಅನೇಕ ಕಾರ್ಯಾಗಾರಗಳಲ್ಲಿ ಕೆಲವೇ ಮಂದಿ ನುರಿತ ಕೆಲಸಗಾರರಿರುತ್ತಾರೆ.

ಈ ವೃತ್ತಿಯ ಅಪಾಯಗಳು ಎರಡು ಬಗೆಯವು. ಸುಟ್ಟಗಾಯ ಮತ್ತು ಕೊಯ್ದ ಗಾಯ ಕೂಡಲೇ ಕಾಣುತ್ತವೆ. ಕಣ್ಣು ಮತ್ತು ಶ್ವಾಸಕೋಶಗಳಿಗೆ ಆಗುವ ಹಾನಿಯು ಅನೇಕ ವರ್ಷಗಳ ನಂತರ ತಿಳಿದುಬರುತ್ತದೆ. ನೋವಿಲ್ಲವೆಂಬ ಕಾರಣಕ್ಕೆ ಎರಡನೆಯದನ್ನು ಕಡೆಗಣಿಸತಕ್ಕದ್ದಲ್ಲ.

1. ಬಿಸಿ ಗಾಜು

ಪ್ರಯೋಗಾಲಯದ ಬೊರೊಸಿಲಿಕೇಟ್ ಗಾಜು ಸುಮಾರು 820 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಮೆದುವಾಗುತ್ತದೆ. ಉಷ್ಣತೆಯು ಸುಮಾರು 500 ಡಿಗ್ರಿಗಿಂತ ಕೆಳಗಿಳಿದಾಗ ಕೆಂಪು ಹೊಳಪು ಮರೆಯಾಗಿ, ಗಾಜು ತಣ್ಣಗಿರುವಂತೆಯೇ ಕಾಣುತ್ತದೆ. ಚರ್ಮ ಸುಡಲು 100 ಡಿಗ್ರಿಯೂ ಬೇಕಿಲ್ಲ. ಆದ್ದರಿಂದ:

(ಅ) ಬಿಸಿ ಗಾಜನ್ನಿಡಲು ಮೇಜಿನ ಮೇಲೆ ಪ್ರತ್ಯೇಕ ಜಾಗವನ್ನು ಗುರುತಿಸಿ, ಬಿಸಿಯಾದ ತುದಿಯನ್ನು ಸದಾ ಒಂದೇ ದಿಕ್ಕಿಗಿಡುವುದು.
(ಆ) ಗಾಜನ್ನು ಮುಟ್ಟುವ ಮೊದಲು ಅಂಗೈಯ ಹಿಂಭಾಗವನ್ನು ಸಮೀಪಕ್ಕೆ ತಂದು ಶಾಖವನ್ನು ಪರೀಕ್ಷಿಸುವುದು.
(ಇ) ಹತ್ತಿಯ ಉಡುಪು ಹಾಗೂ ಮುಚ್ಚಿದ ಪಾದರಕ್ಷೆ ಧರಿಸುವುದು. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಕರಗಿ ಚರ್ಮಕ್ಕೆ ಅಂಟಿಕೊಳ್ಳುತ್ತವೆ. ಸೆರಗು, ದುಪಟ್ಟಾ ಮತ್ತು ಉದ್ದ ಕೂದಲನ್ನು ಬಿಗಿಯಾಗಿ ಕಟ್ಟಿಕೊಳ್ಳುವುದು.

2. ಅನಿಲ ಮತ್ತು ಆಮ್ಲಜನಕ

ಎಲ್‌ಪಿಜಿ ಅನಿಲವು ಗಾಳಿಗಿಂತ ಭಾರವಾದುದು. ಸೋರಿದಲ್ಲಿ ಅದು ನೆಲಮಟ್ಟದಲ್ಲಿ, ಗುಂಡಿ ಹಾಗೂ ಚರಂಡಿಗಳಲ್ಲಿ ನಿಲ್ಲುತ್ತದೆ. ಆದಕಾರಣ ಗೋಡೆಯ ಕೆಳಭಾಗದಲ್ಲಿಯೂ ಗಾಳಿಕಿಂಡಿಗಳಿರತಕ್ಕದ್ದು. ಸೋರಿಕೆಯನ್ನು ಸಾಬೂನು ನೀರಿನಿಂದ ಪರೀಕ್ಷಿಸತಕ್ಕದ್ದೇ ಹೊರತು ಬೆಂಕಿಕಡ್ಡಿಯಿಂದಲ್ಲ.

ಆಮ್ಲಜನಕವು ತಾನೇ ಉರಿಯುವುದಿಲ್ಲ. ಆದರೆ ಇತರ ವಸ್ತುಗಳನ್ನು ತೀವ್ರವಾಗಿ ಉರಿಸುತ್ತದೆ. ಆಮ್ಲಜನಕದ ರೆಗ್ಯುಲೇಟರ್ ಮತ್ತು ವಾಲ್ವ್‌ಗಳಿಗೆ ಎಣ್ಣೆ ಅಥವಾ ಗ್ರೀಸ್ ಸವರಿದಲ್ಲಿ ಸ್ಫೋಟವಾಗುವ ಸಂಭವವಿದೆ. ಸಿಲಿಂಡರ್‌ಗಳನ್ನು ನೆಟ್ಟಗೆ ನಿಲ್ಲಿಸಿ ಸರಪಳಿಯಿಂದ ಬಿಗಿಯತಕ್ಕದ್ದು. ಜ್ವಾಲೆಯು ಕೊಳವೆಯೊಳಗೆ ಹಿಮ್ಮರಳದಂತೆ ತಡೆಯುವ ಸಾಧನವನ್ನು ಎರಡೂ ಅನಿಲಗಳ ಮಾರ್ಗದಲ್ಲಿ ಅಳವಡಿಸತಕ್ಕದ್ದು.

ಬರ್ನರ್‌ನ ಹೊರಗೆ ಅನಿಲಗಳು ಬೆರೆಯುವ ಮೇಜಿನ ಬರ್ನರ್‌ಗಳನ್ನು ಹೊತ್ತಿಸುವಾಗ ಮೊದಲು ಇಂಧನ, ನಂತರ ಆಮ್ಲಜನಕ. ಆರಿಸುವಾಗ ಮೊದಲು ಆಮ್ಲಜನಕ, ನಂತರ ಇಂಧನ. ಇತರ ಬರ್ನರ್‌ಗಳಿಗೆ ತಯಾರಕರು ನೀಡಿದ ಕ್ರಮವನ್ನು ಅನುಸರಿಸತಕ್ಕದ್ದು.

3. ಕಣ್ಣಿನ ರಕ್ಷಣೆ

ಗಾಜನ್ನು ಕಾಯಿಸುವಾಗ ಅದರಲ್ಲಿರುವ ಸೋಡಿಯಂನಿಂದ ಹಳದಿ ಬೆಳಕು ಹೊಮ್ಮುತ್ತದೆ. ಡಿಡಿಮಿಯಂ ಕನ್ನಡಕವು ಈ ಬೆಳಕನ್ನು ಹೀರಿಕೊಂಡು ಕೆಲಸವು ಸ್ಪಷ್ಟವಾಗಿ ಕಾಣುವಂತೆ ಮಾಡುತ್ತದೆ. ಇದರಿಂದ ಕಣ್ಣಿಗೆ ಪೂರ್ಣ ರಕ್ಷಣೆ ದೊರೆಯಿತೆಂದು ಭಾವಿಸುವುದು ತಪ್ಪು. ಕಾದ ಗಾಜು ಮತ್ತು ಕುಲುಮೆಯಿಂದ ಹೊಮ್ಮುವ ಅವಗೆಂಪು ಕಿರಣಗಳನ್ನು ಸಾಮಾನ್ಯ ಡಿಡಿಮಿಯಂ ಕನ್ನಡಕವು ಸಾಕಷ್ಟು ತಡೆಯುವುದಿಲ್ಲ. ಈ ಕಿರಣಗಳಿಗೆ ಅನೇಕ ವರ್ಷ ಒಡ್ಡಿಕೊಂಡವರ ಕಣ್ಣಿನ ಮಸೂರದಲ್ಲಿ ಪೊರೆ ಬೆಳೆಯುತ್ತದೆ. ವೈದ್ಯಕೀಯದಲ್ಲಿ ಇದನ್ನು ಗಾಜು ಊದುವವರ ಹೆಸರಿನಿಂದಲೇ ಗುರುತಿಸಲಾಗುತ್ತದೆ.

ದೊಡ್ಡ ಗಾತ್ರದ ಕೆಲಸಕ್ಕೆ ಹಾಗೂ ಕುಲುಮೆಯ ಮುಂದಿನ ಕೆಲಸಕ್ಕೆ ಅವಗೆಂಪು ಕಿರಣಗಳನ್ನು ತಡೆಯುವ ಕನ್ನಡಕವನ್ನೇ ಬಳಸತಕ್ಕದ್ದು. ಕ್ವಾರ್ಟ್ಸ್ ಗಾಜಿನ ಕೆಲಸಕ್ಕೆ ಇನ್ನೂ ಹೆಚ್ಚಿನ ಉಷ್ಣತೆ ಬೇಕು. ಆಗ ಹೊಮ್ಮುವ ಪ್ರಖರ ಬೆಳಕಿನಲ್ಲಿ ಅತಿನೇರಳೆ ಕಿರಣಗಳೂ ಇರುವುದರಿಂದ ವೆಲ್ಡಿಂಗ್‌ಗೆ ಬಳಸುವಂತಹ ಕಪ್ಪು ಗಾಜು ಅಗತ್ಯ. ವರ್ಷಕ್ಕೊಮ್ಮೆ ಕಣ್ಣಿನ ತಪಾಸಣೆ ಮಾಡಿಸುವುದು ಸೂಕ್ತ.

4. ಧೂಳು ಮತ್ತು ಹೊಗೆ

ಕ್ವಾರ್ಟ್ಸ್ ಮರಳಿನ ಸೂಕ್ಷ್ಮ ಧೂಳು ಶ್ವಾಸಕೋಶವನ್ನು ಸೇರಿದಲ್ಲಿ ಸಿಲಿಕೋಸಿಸ್ ಉಂಟಾಗುತ್ತದೆ. ಇದನ್ನು ಗುಣಪಡಿಸುವ ಔಷಧವಿಲ್ಲ. ಗಾಜನ್ನು ಉಜ್ಜುವ ಹಾಗೂ ಕತ್ತರಿಸುವ ಕೆಲಸವನ್ನು ನೀರು ಹಾಯಿಸಿ ಮಾಡತಕ್ಕದ್ದು. ನೆಲವನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸತಕ್ಕದ್ದು. ಹಳೆಯ ಕಾರ್ಯಾಗಾರಗಳಲ್ಲಿರುವ ಕಲ್ನಾರಿನ ಹಾಳೆ ಮತ್ತು ಪಟ್ಟಿಗಳ ಬದಲಿಗೆ ಗ್ರಾಫೈಟ್ ಅಥವಾ ಸೆರಾಮಿಕ್ ವಸ್ತುಗಳನ್ನು ಉಪಯೋಗಿಸುವುದು.

5. ದುರಸ್ತಿಗೆ ಬರುವ ಉಪಕರಣಗಳು

ಬಳಸಿದ ಉಪಕರಣಗಳಲ್ಲಿ ಪಾದರಸ ಅಥವಾ ರಾಸಾಯನಿಕ ದ್ರಾವಕಗಳು ಉಳಿದಿರಬಹುದು. ಕಾಯಿಸಿದಾಗ ಪಾದರಸವು ಆವಿಯಾಗುತ್ತದೆ. ಕ್ಲೋರೋಫಾರ್ಮ್‌ನಂತಹ ದ್ರಾವಕಗಳಿಂದ ಫಾಸ್ಜೀನ್ ಎಂಬ ವಿಷಾನಿಲ ಉಂಟಾಗಬಹುದು. ಏನನ್ನು ತುಂಬಲಾಗಿತ್ತು ಹಾಗೂ ಹೇಗೆ ತೊಳೆಯಲಾಗಿದೆ ಎಂಬುದನ್ನು ಕಳುಹಿಸುವ ಪ್ರಯೋಗಾಲಯವು ಲಿಖಿತವಾಗಿ ತಿಳಿಸತಕ್ಕದ್ದು. ಇಂತಹ ಮಾಹಿತಿ ಇಲ್ಲದ ಉಪಕರಣಕ್ಕೆ ಬಾಯಿಟ್ಟು ಊದತಕ್ಕದ್ದಲ್ಲ. ಎಲ್ಲ ಕಡೆ ಮುಚ್ಚಿದ ಪಾತ್ರೆಯನ್ನು ಕಾಯಿಸಿದಲ್ಲಿ ಒಳಗಿನ ಒತ್ತಡದಿಂದ ಅದು ಸಿಡಿಯುತ್ತದೆ.

6. ಹದವಾಗಿ ತಣಿಸುವುದು

ಊದಿದ ಗಾಜನ್ನು ತಣಿಸುವ ಕುಲುಮೆಯಲ್ಲಿ ಸುಮಾರು 560 ಡಿಗ್ರಿ ಉಷ್ಣತೆಯಲ್ಲಿರಿಸಿ, ನಿಧಾನವಾಗಿ ತಣಿಸತಕ್ಕದ್ದು. ಹೀಗೆ ಮಾಡದಿದ್ದಲ್ಲಿ ಗಾಜಿನೊಳಗೆ ಒತ್ತಡ ಉಳಿಯುತ್ತದೆ. ಅದು ಬರಿಗಣ್ಣಿಗೆ ಕಾಣುವುದಿಲ್ಲ. ಪೋಲರಿಸ್ಕೋಪ್‌ನಲ್ಲಿ ಮಾತ್ರ ಕಾಣುತ್ತದೆ. ಕಾರ್ಯಾಗಾರದಲ್ಲಿ ಉಳಿದ ಈ ದೋಷದಿಂದ ಮುಂದೆ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಯ ಕೈಯಲ್ಲಿ ನಿರ್ವಾತ ಫ್ಲಾಸ್ಕ್ ಒಡೆಯಬಹುದು.

7. ಪ್ರಥಮ ಚಿಕಿತ್ಸೆ

(ಅ) ಸುಟ್ಟ ಭಾಗವನ್ನು 20 ನಿಮಿಷಗಳ ಕಾಲ ಹರಿಯುವ ತಣ್ಣೀರಿನಲ್ಲಿ ಹಿಡಿಯುವುದು. ಮಂಜುಗಡ್ಡೆ, ಟೂತ್‌ಪೇಸ್ಟ್, ಶಾಯಿ, ತುಪ್ಪ ಹಚ್ಚತಕ್ಕದ್ದಲ್ಲ.
(ಆ) ಕಣ್ಣಿಗೆ ಗಾಜಿನ ಚೂರು ಚುಚ್ಚಿದಲ್ಲಿ ಉಜ್ಜದೆ, ಕೀಳದೆ, ಕಣ್ಣನ್ನು ಒತ್ತದಂತೆ ಮರೆಮಾಡಿ ಆಸ್ಪತ್ರೆಗೆ ಕರೆದೊಯ್ಯುವುದು.
(ಇ) ತುರ್ತು ಸಂದರ್ಭದಲ್ಲಿ ಆಂಬುಲೆನ್ಸ್‌ಗಾಗಿ 108 ಸಂಖ್ಯೆಗೆ ಕರೆ ಮಾಡುವುದು.

8. ಮಾಲೀಕರ ಹೊಣೆ

1948ರ ಕಾರ್ಖಾನೆಗಳ ಅಧಿನಿಯಮದ ಮೊದಲನೇ ಅನುಸೂಚಿಯಲ್ಲಿ ಗಾಜು ಮತ್ತು ಪಿಂಗಾಣಿ ಉದ್ಯಮವನ್ನು ಅಪಾಯಕಾರಿ ಪ್ರಕ್ರಿಯೆಗಳ ಪಟ್ಟಿಯಲ್ಲಿ ಸೇರಿಸಲಾಗಿತ್ತು. ಆ ಅಧಿನಿಯಮದ ಸ್ಥಾನದಲ್ಲಿ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕಾರ್ಯಸ್ಥಿತಿಗಳ ಸಂಹಿತೆ, 2020, ದಿನಾಂಕ 21-11-2025ರಿಂದ ಜಾರಿಗೆ ಬಂದಿದೆ. ಕಾರ್ಯಾಗಾರವು ಚಿಕ್ಕದೆಂಬುದು ರಕ್ಷಣಾ ಸಾಧನ ಒದಗಿಸದಿರಲು ಕಾರಣವಾಗಲಾರದು. ಯೋಗ್ಯ ಕನ್ನಡಕದ ಬೆಲೆಗೆ ಹೋಲಿಸಿದಲ್ಲಿ ನುರಿತ ಕೆಲಸಗಾರನ ದೃಷ್ಟಿಯ ಬೆಲೆ ಅಳತೆಗೆ ಸಿಗುವಂತಹುದಲ್ಲ. ಮಾಲೀಕರು ಮೇಲ್ಕಂಡ ಸಾಧನಗಳನ್ನು ಒದಗಿಸಬೇಕೆಂದೂ, ಕೆಲಸಗಾರರು ಅವುಗಳನ್ನು ತಪ್ಪದೆ ಬಳಸಬೇಕೆಂದೂ ಕೋರಲಾಗಿದೆ.