ಕಟ್ಟಿದ ಊರು, ಬಾರದ ಜನ

‘ಮನೆ ಕಟ್ಟಿ ನೋಡು’ ಎಂದರು ನಮ್ಮ ಹಿರಿಯರು. ತನ್ನ ಮನೆಯನ್ನು ತಾನು ಕಟ್ಟಿಕೊಳ್ಳುವವನ ಪಾಡನ್ನು ಕುರಿತ ಮಾತು ಅದು. ಪರರಿಗಾಗಿ ಒಂದು ಊರನ್ನೇ ಕಟ್ಟಹೊರಟವನ ಪಾಡು ಎಂತಹುದೆಂಬುದನ್ನು ಈಜಿಪ್ಟಿನ ವಾಸ್ತುಶಿಲ್ಪಿ ಹಸನ್ ಫಾತಿಯ (1900–1989) ಕಥೆಯಿಂದ ತಿಳಿಯಬೇಕು.

ನೈಲ್ ನದಿಯ ಪಶ್ಚಿಮದಲ್ಲಿ, ಲಕ್ಸರ್ ಪಟ್ಟಣಕ್ಕೆ ಎದುರಾಗಿ, ಪ್ರಾಚೀನ ಥೀಬ್ಸ್ ನಗರದ ಪ್ರಭುಗಳ ಗೋರಿಗಳಿರುವ ಗುಡ್ಡವಿದೆ. ಆ ಗೋರಿಗಳ ಮೇಲೆಯೇ ಗೂರ್ನಾ ಎಂಬ ಹಳ್ಳಿ ಬೆಳೆದಿತ್ತು. ಜನ ಸುಮಾರು ಏಳು ಸಾವಿರ. ಗೋರಿಗಳಲ್ಲಿ ದೊರೆತುದನ್ನು ಮಾರಿ ಬದುಕುವವರು ಅವರಲ್ಲಿ ಹಲವರು. ಒಮ್ಮೆ ಗೋರಿಯೊಂದರ ಕೆತ್ತನೆಯ ಬಂಡೆಯನ್ನೇ ಕಳ್ಳರು ಕಡಿದು ಒಯ್ದರು. ಪುರಾತತ್ತ್ವ ಇಲಾಖೆ ಎಚ್ಚೆತ್ತಿತು. ಹಳ್ಳಿಯನ್ನೇ ಕೆಳಗಿನ ಬಯಲಿಗೆ ಸಾಗಿಸುವುದೆಂದು ನಿಶ್ಚಯಿಸಿ, ಹೊಸ ಊರಿನ ಹೊಣೆಯನ್ನು 1945ರಲ್ಲಿ ಫಾತಿಗೆ ಒಪ್ಪಿಸಿತು.

ಆತನನ್ನು ಆರಿಸಿದುದಕ್ಕೆ ಕಾರಣವಿತ್ತು. ಮಹಾಯುದ್ಧದ ದಿನಗಳಲ್ಲಿ ಮರವೂ ಉಕ್ಕೂ ದುರ್ಲಭವಾಗಿದ್ದಾಗ ಆತ ಹಸಿ ಇಟ್ಟಿಗೆಯಲ್ಲೇ ಮನೆ ಕಟ್ಟಹೊರಟಿದ್ದ. ಗೋಡೆಗಳೇನೋ ನಿಂತವು, ಛಾವಣಿ ಕುಸಿಯಿತು. ಆಗ ಆತನಿಗೆ ಗುರುಗಳಾಗಿ ದೊರೆತವರು ಅಸ್ವಾನ್ ಕಡೆಯ ನೂಬಿಯಾದ ಗಾರೆಯವರು. ಹಿಂಬದಿಗೆ ಒಂದು ಗೋಡೆಯನ್ನೆತ್ತಿ, ಅದಕ್ಕೆ ಓರೆಯಾಗಿ ಒಂದೊಂದೇ ವರಸೆ ಇಟ್ಟಿಗೆಯನ್ನು ಆನಿಸುತ್ತ, ಕೆಳಗೆ ಮರದ ಆಸರೆಯಿಲ್ಲದೆಯೇ ಅವರು ಕಮಾನಿನ ಛಾವಣಿ ಮುಗಿಸುತ್ತಿದ್ದರು. ಓದಿದವನು ಓದದವರಿಂದ ಕಲಿತ.

ಹೊಸ ಗೂರ್ನಾದಲ್ಲಿ ಮಸೀದಿ, ಸಂತೆಯ ಕಟ್ಟೆ, ಶಾಲೆ, ರಂಗಮಂದಿರ ಎಲ್ಲವೂ ಎದ್ದವು. ಬಡವರೆಂದ ಮಾತ್ರಕ್ಕೆ ಒಂದೇ ಅಚ್ಚಿನ ಮನೆಗಳ ಸಾಲು ಸಾಕೆಂದು ಆತ ಬಗೆಯಲಿಲ್ಲ. ಒಂದೊಂದು ಸಂಸಾರಕ್ಕೂ ಅದರದೇ ಆದ ಮನೆ ಬೇಕು, ಆ ಮನೆಗೆ ಚೆಲುವೂ ಬೇಕು ಎಂಬುದು ಆತನ ನಂಬಿಕೆ. ಊರ ಜನಕ್ಕೆ ಕಸುಬು ಕಲಿಸುವ ಯೋಚನೆಯೂ ಇತ್ತು.

ಆದರೆ ಜನ ಬರಲಿಲ್ಲ. ಕಟ್ಟುತ್ತಿದ್ದ ಊರಿಗೆ ನೀರು ನುಗ್ಗಲೆಂದು ಏರಿಯನ್ನೇ ಒಡೆದರೆಂದು ಫಾತಿ ಬರೆದಿದ್ದಾನೆ. 1948ರ ವೇಳೆಗೆ ಕೆಲಸ ನಿಂತಿತು. ಊರು ಅರ್ಧದಲ್ಲೇ ಉಳಿಯಿತು.

ತಪ್ಪು ಯಾರದು? ಅಧಿಕಾರಿಗಳ ಉದಾಸೀನವನ್ನೂ ಕಡತಗಳ ವಿಳಂಬವನ್ನೂ ಫಾತಿ ಕಹಿಯಾಗಿ ನೆನೆದಿದ್ದಾನೆ. ಅದು ಸುಳ್ಳಲ್ಲ. ಆದರೆ ಗುಡ್ಡದ ಮೇಲಿನವರ ಕಣ್ಣಿನಿಂದಲೂ ಒಮ್ಮೆ ನೋಡಬೇಕು. ಅವರ ಅನ್ನ ಅವರ ನೆಲದಡಿಯಲ್ಲಿತ್ತು. ಅದನ್ನು ಬಿಟ್ಟು ಬನ್ನಿರೆಂದವನು ಎಷ್ಟು ಸುಂದರವಾದ ಕದವನ್ನು ತೆರೆದು ನಿಂತರೇನು? ಮನೆ ಹೇಗಿರಬೇಕೆಂಬ ಪ್ರಶ್ನೆ ಹುಟ್ಟುವ ಮೊದಲೇ, ಊರು ಬಿಡಬೇಕೆಂಬ ತೀರ್ಮಾನ ಬೇರೆಲ್ಲೋ ಆಗಿಹೋಗಿತ್ತು. ಮಣ್ಣಿನ ಗುಣವನ್ನು ಬಲ್ಲ ಶಿಲ್ಪಿ ಆ ತೀರ್ಮಾನವನ್ನು ತನ್ನ ಕೆಲಸದ ತಳಪಾಯವಾಗಿ ಒಪ್ಪಿಕೊಂಡ. ಕುಸಿದದ್ದು ಆ ತಳಪಾಯ.

ಆದರೂ ಆತನಲ್ಲಿ ಒಂದು ದೊಡ್ಡತನವಿತ್ತು. ಸೋಲನ್ನು ಆತ ಮುಚ್ಚಿಡಲಿಲ್ಲ. 1969ರಲ್ಲಿ ಕೈರೋದಲ್ಲಿ ಅಚ್ಚಾದ ಗ್ರಂಥದಲ್ಲಿ ಗೂರ್ನಾದ ವೃತ್ತಾಂತವನ್ನೆಲ್ಲ ತೆರೆದಿಟ್ಟ. 1973ರಲ್ಲಿ ಅದು ಅಮೆರಿಕದಲ್ಲಿ ‘ಬಡವರಿಗಾಗಿ ವಾಸ್ತುಶಿಲ್ಪ’ ಎಂಬರ್ಥದ ಹೆಸರಿನಲ್ಲಿ ಹೊರಬಂದು, ಜಗತ್ತಿನ ವಾಸ್ತುಶಿಲ್ಪಿಗಳಿಗೆ ಪಾಠವಾಯಿತು.

ಹಳೆಯ ಗೂರ್ನಾದ ಮನೆಗಳನ್ನು ಸರ್ಕಾರ 2006ರಿಂದೀಚೆಗೆ ಕೆಡವಿಸಿತು. ಜನ ಕೊನೆಗೂ ಗುಡ್ಡವಿಳಿದರು, ಒಲಿದಲ್ಲ. ಫಾತಿ ಕಟ್ಟಿದ ಮನೆಗಳಲ್ಲಿಯೂ ಹಲವು ಅಳಿದವು. ಮಸೀದಿ ಇನ್ನೂ ನಿಂತಿದೆ. ಕಟ್ಟುವವನ ಹೊಣೆ ಗೋಡೆ ಏಳುವಾಗ ಆರಂಭವಾಗುವುದಿಲ್ಲ. ಅಲ್ಲಿ ಬಾಳಬೇಕಾದವನನ್ನು, “ಬರುವೆಯಾ?” ಎಂದು ಕೇಳಿ, ಅವನು “ಒಲ್ಲೆ” ಎಂದರೆ ಅದನ್ನೂ ಕೇಳಿಸಿಕೊಳ್ಳುವಲ್ಲಿ ಅದರ ಆರಂಭ.