ಮಿತಾಕ್ಷರೆಯಲ್ಲಿ ಧರ್ಮವೂ ಲೋಕವಿದ್ವಿಷ್ಟವೂ

ಧರ್ಮವೆಂಬ ಶಬ್ದವನ್ನು ಈಗ ಕನ್ನಡದಲ್ಲಿ ಹೆಚ್ಚಾಗಿ ಎರಡು ಅರ್ಥಗಳಲ್ಲಿ ಬಳಸುವೆವು. ಮತವೆಂಬುದು ಒಂದು, ದಾನವೆಂಬುದು ಮತ್ತೊಂದು. ಎರಡನೆಯದು ಹಳೆಯ ಬಳಕೆ. ನಮ್ಮ ಶಾಸನಗಳಲ್ಲಿ ದೇವಾಲಯಕ್ಕೋ ಕೆರೆಗೋ ಬಿಟ್ಟ ಭೂಮಿಯನ್ನೇ ಧರ್ಮವೆಂದು ಕರೆದು, ಅದನ್ನು ಕಾದವರಿಗೆ ಪುಣ್ಯವನ್ನೂ ಅಳಿದವರಿಗೆ ಪಾಪವನ್ನೂ ಹೇಳುವುದು ವಾಡಿಕೆ. ಋಗ್ವೇದದಲ್ಲಿ 'ಧರ್ಮನ್' ಎಂಬ ನಪುಂಸಕರೂಪದಿಂದ ಆಧಾರ, ವಿಧಿ ಮೊದಲಾದ ಅರ್ಥಗಳನ್ನು ಕೊಡುತ್ತಿದ್ದ ಶಬ್ದವು ಇಲ್ಲಿಯವರೆಗೆ ನಡೆದು ಬಂದ ದಾರಿಯು ಬಹಳ ದೀರ್ಘವಾದುದು. ಅದನ್ನೆಲ್ಲ ಈ ಲೇಖನದಲ್ಲಿ ಹೇಳಲು ಹೊರಟಿಲ್ಲ. ಶಾಸ್ತ್ರವು ವಿಧಿಸಿದುದನ್ನು ಜನರು ಹೇಸಿ ಬಿಟ್ಟರೆ, ಅದು ಧರ್ಮವಾಗಿಯೇ ಉಳಿಯುವುದೇ ಎಂಬ ಒಂದು ಪ್ರಶ್ನೆಯನ್ನು ಮಾತ್ರ ಎತ್ತಿಕೊಂಡಿದ್ದೇನೆ. ಸುಮಾರು ಒಂಬೈನೂರು ವರ್ಷಗಳ ಹಿಂದೆ ಕಲ್ಯಾಣನಗರದಲ್ಲಿ ವಿಜ್ಞಾನೇಶ್ವರನು ಇದಕ್ಕೆ ಉತ್ತರ ಹೇಳಿರುವನು.

ಚಾಲುಕ್ಯ ಆರನೆಯ ವಿಕ್ರಮಾದಿತ್ಯನು (1076–1126) ಆಳುತ್ತಿದ್ದಾಗ ವಿಜ್ಞಾನೇಶ್ವರನು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರೆಯೆಂಬ ವ್ಯಾಖ್ಯಾನವನ್ನು ಬರೆದನು. ಗ್ರಂಥಾರಂಭದಲ್ಲಿಯೇ ಅವನು ಧರ್ಮವನ್ನು ಆರು ವಿಧವಾಗಿ ವಿಂಗಡಿಸುವನು: ವರ್ಣಧರ್ಮ, ಆಶ್ರಮಧರ್ಮ, ವರ್ಣಾಶ್ರಮಧರ್ಮ, ಗುಣಧರ್ಮ, ನಿಮಿತ್ತಧರ್ಮ, ಸಾಧಾರಣಧರ್ಮ. ಪಟ್ಟಾಭಿಷೇಕವಾದ ರಾಜನು ಪ್ರಜೆಗಳನ್ನು ಪಾಲಿಸುವುದು ಗುಣಧರ್ಮ. ನಿಷಿದ್ಧವನ್ನು ಮಾಡಿದುದಕ್ಕೆ ಪ್ರಾಯಶ್ಚಿತ್ತವು ನಿಮಿತ್ತಧರ್ಮ. ಅಹಿಂಸೆ ಮೊದಲಾದುದು ಸಾಧಾರಣಧರ್ಮ. ಈ ಕಡೆಯದು ಚಂಡಾಲಪರ್ಯಂತ ಸಕಲರಿಗೂ ಸಲ್ಲುವುದೆಂದು ಅವನು ಸ್ಪಷ್ಟವಾಗಿ ಹೇಳಿರುವುದನ್ನು ಗಮನಿಸಬೇಕು. ಈ ಆರರಲ್ಲಿ ಯಾವುದಕ್ಕೂ 'ಮತ'ವೆಂಬ ಅರ್ಥವು ಹೊಂದುವುದಿಲ್ಲ.

ವಿಜ್ಞಾನೇಶ್ವರನು ಮೀಮಾಂಸೆಯಲ್ಲಿ ನುರಿತವನು. ಜೈಮಿನಿಯ ಮತದಲ್ಲಿ ಧರ್ಮವನ್ನು ತಿಳಿಸತಕ್ಕದ್ದು ವೇದದ ವಿಧಿವಾಕ್ಯವೇ ಹೊರತು ಪ್ರತ್ಯಕ್ಷಾದಿಗಳಲ್ಲ. ಆದರೆ ಜೈಮಿನಿಯು ತನ್ನ ಲಕ್ಷಣದಲ್ಲಿ 'ಅರ್ಥ'ವೆಂಬ ಪದವನ್ನೂ ಸೇರಿಸಿರುವನು. ಅದೇತಕ್ಕೆಂದರೆ, ಶತ್ರುವನ್ನು ಕೊಲ್ಲುವುದಕ್ಕಾಗಿ ಹೇಳಿದ ಶ್ಯೇನಯಾಗದಂಥವು ಧರ್ಮವೆನಿಸಬಾರದೆಂದು, ಎಂದು ಶಬರಸ್ವಾಮಿಯು ವಿವರಿಸುವನು. ಶ್ಯೇನವು ವೇದೋಕ್ತವೇ ಸರಿ. ಆದರೂ ಅದರ ಫಲವು ಹಿಂಸೆ, ಹಿಂಸೆಯು ನಿಷಿದ್ಧ. ಆದುದರಿಂದ ಅದು ಅನರ್ಥ. ವೇದದಲ್ಲಿ ಹೇಳಿದುದೆಲ್ಲವೂ ಧರ್ಮವಲ್ಲವೆಂಬುದು ಹೀಗೆ ಮೀಮಾಂಸಕರಿಗೂ ಒಪ್ಪಿದ ಮಾತೇ. ಆದರೆ ಅಲ್ಲಿ ಒಂದು ಶಾಸ್ತ್ರವನ್ನು ತಡೆಯುವುದು ಇನ್ನೊಂದು ಶಾಸ್ತ್ರ. ಜನರ ಅಭಿಪ್ರಾಯಕ್ಕೆ ಅಲ್ಲಿ ಎಡೆಯಿಲ್ಲ.

ದಾಯವಿಭಾಗಪ್ರಕರಣದಲ್ಲಿ ಪರಿಸ್ಥಿತಿಯು ಬೇರೆಯಾಗುವುದು. ತಂದೆತಾಯಿಗಳ ಅನಂತರ ಮಕ್ಕಳು ಸಮವಾಗಿ ಹಂಚಿಕೊಳ್ಳಬೇಕೆಂದು ಯಾಜ್ಞವಲ್ಕ್ಯನ ವಿಧಿ. ಮನುವಾದರೋ ಹಿರಿಯನಿಗೆ ಇಪ್ಪತ್ತರಲ್ಲೊಂದು ಪಾಲನ್ನು 'ಉದ್ಧಾರ'ವೆಂದು ಹೆಚ್ಚಾಗಿ ಕೊಡಬಹುದೆನ್ನುವನು. ಎರಡೂ ಸ್ಮೃತಿಗಳೇ, ಎರಡೂ ಪ್ರಮಾಣವೇ. ವಿಜ್ಞಾನೇಶ್ವರನು ಮನುವಚನವನ್ನು ಅಪ್ರಮಾಣವೆನ್ನುವುದಿಲ್ಲ, ಅರ್ಥವನ್ನು ತಿರುಚುವುದೂ ಇಲ್ಲ. ವಿಷಮವಿಭಾಗವು ಶಾಸ್ತ್ರದೃಷ್ಟವೇ ಆದರೂ ಲೋಕವಿದ್ವಿಷ್ಟವಾದುದರಿಂದ ಅನುಷ್ಠಾನಕ್ಕೆ ಯೋಗ್ಯವಲ್ಲವೆಂದು ಹೇಳಿಬಿಡುವನು. ಇದಕ್ಕೆ ಅವನು ಕೊಡುವ ದೃಷ್ಟಾಂತಗಳು ಧೈರ್ಯದವು: ಮನೆಗೆ ಬಂದ ಶ್ರೋತ್ರಿಯನಿಗೆ ದೊಡ್ಡ ಎತ್ತನ್ನೋ ದೊಡ್ಡ ಹೋತವನ್ನೋ ಒಪ್ಪಿಸಬೇಕೆಂಬ ವಿಧಿಯುಂಟು, ಯಜ್ಞದಲ್ಲಿ ಬಂಜೆಗೋವಿನ ಆಲಂಭನವೂ ಉಂಟು; ಲೋಕವು ಹೇಸುವುದರಿಂದ ಎರಡನ್ನೂ ಯಾರೂ ಮಾಡುವುದಿಲ್ಲ. ನಾನು ಪಾಠಶಾಲೆಯಲ್ಲಿ ಈ ಪಂಕ್ತಿಯನ್ನು ಓದುತ್ತಿದ್ದಾಗ ಗುರುಗಳು ಸ್ವರವನ್ನು ತಗ್ಗಿಸಿ, ಪದವಿಭಾಗವನ್ನಷ್ಟೇ ಹೇಳಿ ಮುಂದಕ್ಕೆ ಹೋದರು. ಲೋಕವಿದ್ವೇಷವೆಂದರೇನೆಂಬುದು ನನಗೆ ವ್ಯಾಖ್ಯಾನದಿಂದಲ್ಲ, ಆ ತಗ್ಗಿದ ಸ್ವರದಿಂದ ತಿಳಿಯಿತು.

ಹಾಗಾದರೆ ವಿಜ್ಞಾನೇಶ್ವರನು ಶಾಸ್ತ್ರವನ್ನು ಲೋಕದ ಕೈಗೆ ಒಪ್ಪಿಸಿಬಿಟ್ಟನೇ? ಇಲ್ಲ. ಧರ್ಮ್ಯವಾದರೂ ಲೋಕವು ದ್ವೇಷಿಸುವುದನ್ನು ಆಚರಿಸಬಾರದೆಂಬುದು ಯಾಜ್ಞವಲ್ಕ್ಯನದೇ ಮಾತು, ಆಚಾರಾಧ್ಯಾಯದಲ್ಲಿರುವುದು. ಲೋಕವು ಒಳಕ್ಕೆ ಬಂದುದು ಶಾಸ್ತ್ರವೇ ತೆರೆದಿಟ್ಟ ಬಾಗಿಲಿನಿಂದ. ವಿಧಿಯು ರದ್ದಾಗಲಿಲ್ಲ, ಅನುಷ್ಠಾನವು ಮಾತ್ರ ನಿಂತಿತು. 'ಧರ್ಮ್ಯ'ವೆಂಬುದಕ್ಕೂ 'ಮಾಡತಕ್ಕುದು' ಎಂಬುದಕ್ಕೂ ನಡುವೆ ಒಂದು ಅಂತರವುಂಟೆಂದು ಒಪ್ಪಿಕೊಂಡಂತಾಯಿತು. ಇದು ನನ್ನ ಮಟ್ಟಿಗೆ ಮಿತಾಕ್ಷರೆಯಲ್ಲಿ ಅತ್ಯಂತ ಮುಖ್ಯವಾದ ಸ್ಥಳ. ಅದೇ ಪ್ರಕರಣದ ಆದಿಯಲ್ಲಿ ಸ್ವತ್ವವು, ಎಂದರೆ ಒಡೆತನವು, ಲೌಕಿಕವೆಂದು ಸಾಧಿಸುವಾಗಲೂ ಅವನು ಶಾಸ್ತ್ರವನ್ನು ಕಾಣದ ಗಡಿನಾಡಿನ ಜನರ ಕ್ರಯವಿಕ್ರಯಗಳನ್ನು ಸಾಕ್ಷಿಯಾಗಿ ಕರೆಯುವನು. 1810ರಲ್ಲಿ ಕೋಲ್‌ಬ್ರೂಕನು ಈ ದಾಯಭಾಗವೊಂದನ್ನೇ ಬಿಡಿಸಿ ಇಂಗ್ಲಿಷಿಗೆ ತಿರುಗಿಸಿದನು. ನ್ಯಾಯಾಲಯಗಳು ಅದನ್ನು ಕಾನೂನಿನ ಪುಸ್ತಕವಾಗಿ ಓದಿದುವು. ಆಚಾರಪ್ರಾಯಶ್ಚಿತ್ತಗಳ ಜತೆಗೆ ಒಂದೇ ಹೊಲಿಗೆಯಲ್ಲಿದ್ದ ಗ್ರಂಥವು ಹೀಗೆ ಆಸ್ತಿಯ ಗ್ರಂಥವಾಯಿತು.

ಇಷ್ಟನ್ನು ಓದಿ, ಲೋಕವೇ ಶಾಸ್ತ್ರಕ್ಕಿಂತ ಮೃದುವೆಂದು ವಾಚಕರು ಭಾವಿಸಬಾರದು. ಯಾವ ಲೋಕ, ಯಾರ ದ್ವೇಷ ಎಂಬುದನ್ನು ವಿಜ್ಞಾನೇಶ್ವರನು ವಿಚಾರಿಸಲಿಲ್ಲ. ಮುಂದಿನ ನಿಬಂಧಕಾರರು ಕಲಿಯುಗದಲ್ಲಿ ಬಿಡಬೇಕಾದುವೆಂದು 'ಕಲಿವರ್ಜ್ಯ'ಗಳ ಪಟ್ಟಿಗಳನ್ನು ಎತ್ತಿ ಹೇಳಿರುವರು. ಅವುಗಳಲ್ಲಿ ಮಧುಪರ್ಕದ ಗೋವಧೆಯಿದೆ, ಜ್ಯೇಷ್ಠಾಂಶವಿದೆ. ಅವುಗಳ ಪಕ್ಕದಲ್ಲಿಯೇ ವಿವಾಹಿತ ಸ್ತ್ರೀಯ ಪುನರ್ವಿವಾಹವೂ ಸಮುದ್ರಯಾನವೂ ಇವೆ. ಹದಿನಾಲ್ಕನೆಯ ಶತಮಾನದಲ್ಲಿ ವಿಜಯನಗರದ ಮಾಧವಾಚಾರ್ಯನು ಪರಾಶರಸ್ಮೃತಿಗೆ ವ್ಯಾಖ್ಯಾನವನ್ನು ಬರೆದನು. ಪತಿಯು ಕಾಣೆಯಾದರೆ, ಸತ್ತರೆ ಸ್ತ್ರೀಗೆ ಬೇರೆ ಪತಿಯನ್ನು ವಿಧಿಸುವ ವಚನವು ಆ ಸ್ಮೃತಿಯಲ್ಲಿದೆ. ಪರಾಶರಸ್ಮೃತಿಯಾದರೋ ಕಲಿಯುಗಕ್ಕೇ ಹೇಳಿದುದೆಂದು ಪ್ರಸಿದ್ಧವಾದುದು. ಹಾಗಿದ್ದೂ ಮಾಧವನು ಆ ಪುನರುದ್ವಾಹವು ಯುಗಾಂತರಕ್ಕೆ ಸಂಬಂಧಪಟ್ಟುದೆಂದು ಬರೆದನು. ಕಲಿಯುಗದ ಸ್ಮೃತಿಯಲ್ಲಿ ಅನ್ಯಯುಗದ ಧರ್ಮವು ಹೇಗೆ ಸೇರಿತೆಂಬ ಸಂದೇಹಕ್ಕೆ ಈ ಸಮಾಧಾನವು ಸಾಲದೆಂದು ನನಗೆ ತೋರುವುದು. ಮಾಧವನಂಥ ಮಹಾಪಂಡಿತನ ಮೇಲೆ ಈ ಮಾತನ್ನಾಡಲು ಸಂಕೋಚವಾದರೂ ಆಡದಿರಲಾರೆ.

1855ರಲ್ಲಿ ಈಶ್ವರಚಂದ್ರ ವಿದ್ಯಾಸಾಗರರು ವಿಧವಾವಿವಾಹವನ್ನು ಕುರಿತು ಬರೆದಾಗ ಹಿಡಿದುದು ಇದೇ ಪರಾಶರವಚನವನ್ನು. ಸ್ಮೃತಿಗೂ ಪುರಾಣಕ್ಕೂ ವಿರೋಧ ಬಂದಲ್ಲಿ ಸ್ಮೃತಿಯೇ ಬಲವತ್ತರ, ಶಾಸ್ತ್ರವಿರುವಲ್ಲಿ ದೇಶಾಚಾರವು ಅದನ್ನು ತಡೆಯಲಾರದು ಎಂಬುದು ಅವರ ವಾದ. 1856ರಲ್ಲಿ ಕಾಯಿದೆಯೂ ಆಯಿತು. ಕಲ್ಯಾಣದ ಪಂಡಿತನು ಕಿರಿಯ ತಮ್ಮಂದಿರ ಪಾಲನ್ನು ಉಳಿಸಲು ಶಾಸ್ತ್ರವನ್ನು ಬದಿಗಿಟ್ಟು ಲೋಕವನ್ನು ಹಿಡಿದನು. ಬಂಗಾಳದ ಪಂಡಿತರು ವಿಧವೆಯರಿಗಾಗಿ ಲೋಕವನ್ನು ಬದಿಗಿಟ್ಟು ಶಾಸ್ತ್ರವನ್ನು ಹಿಡಿಯಬೇಕಾಯಿತು. ಇಬ್ಬರೂ ಹೇಳಿದುದು ಧರ್ಮವನ್ನೇ ಎಂದು ನಾನು ತಿಳಿದಿರುವೆನು. ಆದರೆ ಇಬ್ಬರ ಮಾತನ್ನೂ ಒಂದೇ ಲಕ್ಷಣದೊಳಗೆ ಅಡಗಿಸುವ ವಾಕ್ಯವನ್ನು ನಾನು ಓದಿದ ಮೀಮಾಂಸಾಗ್ರಂಥಗಳಲ್ಲಿ ಕಾಣೆನು.