ಮುಲ್ಕಿಯಿಂದ ಹೊರನಾಡಿಗೆ: ಲಷ್ಕರಿನ ಕನ್ನಡಿಗರು

ಹೊರನಾಡ ಕನ್ನಡಿಗರು ಎಂದ ಕೂಡಲೇ ನಮಗೆ ನೆನಪಾಗುವುದು ಮುಂಬಯಿ, ದಿಲ್ಲಿ, ಚೆನ್ನೈ. ಈಚೆಗೆ ಅಮೆರಿಕ, ದುಬೈ. ಹೊಟ್ಟೆಪಾಡಿಗೋ ನೌಕರಿಗೋ ಊರು ಬಿಟ್ಟು ಹೋದವನು ಹೊರನಾಡಿನವನು ಅನ್ನೋದು ನಮ್ಮ ಲೆಕ್ಕ. ಸಿಕಂದರಾಬಾದು ಈ ಲೆಕ್ಕಕ್ಕೆ ಪೂರ್ತಿ ಸಿಗುವುದಿಲ್ಲ. ಅಲ್ಲಿನ ಹಳೆಯ ಕನ್ನಡ ಕುಟುಂಬಗಳಲ್ಲಿ ಎರಡು ಬಗೆ. ಮೈಸೂರು, ಧಾರವಾಡ, ಮಂಗಳೂರು ಕಡೆಯಿಂದ ನೌಕರಿ, ವ್ಯಾಪಾರಕ್ಕೆಂದು ಹೋದವರು ಒಂದು ಬಗೆ. ಗುಲ್ಬರ್ಗಾ, ರಾಯಚೂರು, ಬೀದರ ಜಿಲ್ಲೆಗಳಿಂದ ತಮ್ಮದೇ ರಾಜ್ಯದ ರಾಜಧಾನಿಗೆ ಹೋಗಿ ನೆಲೆಸಿದವರು ಇನ್ನೊಂದು ಬಗೆ. ಈ ಎರಡನೆಯವರು ಗಡಿ ದಾಟಿದವರೇ ಅಲ್ಲ. ಗಡಿಯೇ 1956ರಲ್ಲಿ ಅವರನ್ನು ದಾಟಿ ಆಚೆ ಹೋಯಿತು.

ಮೊದಲು ಊರಿನ ವಿಷಯ. 1798ರಲ್ಲಿ ಹೈದರಾಬಾದಿನ ನಿಜಾಮರು ಇಂಗ್ಲಿಷರೊಂದಿಗೆ ಸಹಾಯಕ ಸೈನ್ಯದ ಒಪ್ಪಂದ ಮಾಡಿಕೊಂಡರು. ಆ ಸೈನ್ಯ ಹುಸೇನ್ ಸಾಗರದ ಉತ್ತರಕ್ಕೆ ಬಿಡಾರ ಹೂಡಿತು. ಮೂರನೆಯ ನಿಜಾಮ ಸಿಕಂದರ್ ಜಾನ ಹೆಸರು 1806ರಲ್ಲಿ ಊರಿಗೆ ಬಂತು. ಜನರ ಬಾಯಲ್ಲಿ ಮಾತ್ರ ಅದು ಇಂದಿಗೂ 'ಲಷ್ಕರ್', ಅಂದರೆ ದಂಡು. ನಮ್ಮ ಬೆಂಗಳೂರಿನಲ್ಲಿ ಪೇಟೆ ಬೇರೆ, ದಂಡು ಬೇರೆ ಇದ್ದ ಹಾಗೆ ಅಲ್ಲಿ ಶಹರು ಬೇರೆ, ಲಷ್ಕರ್ ಬೇರೆ. ಲಷ್ಕರಿನಲ್ಲಿ ನಡೆಯುತ್ತಿದ್ದುದು ಇಂಗ್ಲಿಷರ ಆಡಳಿತ. ಹೀಗಾಗಿ ಮೊದಲಿನಿಂದಲೂ ಅದು ವರ್ಗವಾಗಿ ಬಂದವರ ಊರು. ಅಲ್ಲಿನ ಪ್ರಸಿದ್ಧ ಉಜ್ಜಯಿನಿ ಮಹಾಂಕಾಳಿ ಗುಡಿಯ ಐತಿಹ್ಯವೂ ವರ್ಗಾವಣೆಯದೇ. ಸೈನ್ಯದಲ್ಲಿ ಡೋಲಿ ಹೊರುತ್ತಿದ್ದ ಸುರಿಟಿ ಅಪ್ಪಯ್ಯ ಎಂಬಾತ ಉಜ್ಜಯಿನಿಗೆ ವರ್ಗವಾಗಿದ್ದಾಗ, ಲಷ್ಕರಿನಲ್ಲಿ ಕಾಲರಾ ಹಬ್ಬಿದ ಸುದ್ದಿ ಕೇಳಿ ಅಲ್ಲಿನ ದೇವಿಗೆ ಹರಕೆ ಹೊತ್ತ. ಮರಳಿ ಬಂದು 1815ರಲ್ಲಿ ಗುಡಿ ಕಟ್ಟಿಸಿದ ಎಂದು ಹೇಳುತ್ತಾರೆ. ಆಷಾಢದ ಬೋನಾಲು ಹಬ್ಬದಲ್ಲಿ ಕನ್ನಡದ ಹೆಣ್ಣುಮಕ್ಕಳೂ ಆ ಗುಡಿಗೆ ಹೋಗುವುದುಂಟು.

ಲಷ್ಕರಿಗೂ ಕನ್ನಡ ಸೀಮೆಗೂ ಗಟ್ಟಿ ನಂಟು ಬೆಸೆದದ್ದು ರೈಲು. ಮುಂಬಯಿ ಕಡೆಯ ಹಳಿ, ಮದರಾಸು ಕಡೆಯ ಹಳಿ ಎರಡೂ 1871ರಲ್ಲಿ ರಾಯಚೂರಿನಲ್ಲಿ ಕೂಡಿದವು. ಮೂರು ವರ್ಷದಲ್ಲೇ, 1874ರಲ್ಲಿ, ಗುಲ್ಬರ್ಗಾ ಜಿಲ್ಲೆಯ ವಾಡಿಯಿಂದ ಸಿಕಂದರಾಬಾದಿಗೆ ಸುಮಾರು 120 ಮೈಲಿಯ ಕವಲು ದಾರಿ ತೆರೆಯಿತು. ನಿಜಾಮರ ರಾಜಧಾನಿಗೆ ಬಂದ ಮೊದಲ ರೈಲು ಕನ್ನಡ ನೆಲದಿಂದಲೇ ಹೊರಟಿತ್ತು ಎಂಬುದನ್ನು ನಾವು ಮರೆತಿದ್ದೇವೆ. ತಾಂಡೂರು ದಾಟಿ, ವಿಕಾರಾಬಾದ್ ದಾಟಿ ಜನ ಕೆಲಸ ಹುಡುಕಿ ಹೋದರು, ಕೋರ್ಟು ಕಚೇರಿಗೆ ಹೋದರು, ಕಾಲೇಜಿಗೆ ಹೋದರು.

ಹೀಗೆ ಹೋದವನ ಪಾಡು ಯಾವ ಸೀಮೆಯವನು ಎಂಬುದರ ಮೇಲೆ ನಿಂತಿತ್ತು. ಧಾರವಾಡದವನಿಗೆ ನಿಜಾಮರ ರಾಜ್ಯ ನಿಜವಾಗಿಯೂ ಪರದೇಶ. ಅಲ್ಲಿನ ಅಂಚೆಚೀಟಿ ಬೇರೆ; ಗಡಿಯಲ್ಲಿ ಕರೋಡಗಿರಿ ಎಂಬ ಸುಂಕದ ಚೌಕಿ; ದುಡ್ಡೂ ಬೇರೆ. ನಾನು ಬ್ಯಾಂಕಿನವನಾದ್ದರಿಂದ ಈ ದುಡ್ಡಿನ ಮಾತು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಿಜಾಮರ ರೂಪಾಯಿಗೆ 'ಹಾಲಿ ಸಿಕ್ಕಾ' ಅನ್ನುತ್ತಿದ್ದರು, ಇಂಗ್ಲಿಷರ ರೂಪಾಯಿಗೆ 'ಕಲ್ದಾರ್'. ಏಳು ಹಾಲಿಗೆ ಆರು ಕಲ್ದಾರ್ ಎಂಬುದು ಸುಮಾರು ದರ. ತಿಂಗಳಿಗೆ 70 ಹಾಲಿ ಸಂಬಳ ಬರುವ ಗುಮಾಸ್ತ ಅಷ್ಟನ್ನೂ ಹುಬ್ಬಳ್ಳಿಯ ಮನೆಗೆ ಕಳಿಸಿದರೂ ಮನೆಯವರ ಕೈಗೆ ಸಿಗುವುದು 60 ಮಾತ್ರ. ಅದರಲ್ಲೇ ಬದಲಾವಣೆಯ ವಟ್ಟ ಬೇರೆ. ಇಂದು ದುಬೈಯಿಂದ ದುಡ್ಡು ಕಳಿಸುವವರು ದಿನಾ ದರ ನೋಡಿಕೊಂಡು ಕೂಡುತ್ತಾರಲ್ಲ, ಅದೇ ಕಥೆ. ಈ ಸಿಕ್ಕಾದ ವ್ಯವಹಾರ ನೋಡಿಕೊಳ್ಳುವುದೂ ಸೇರಿದಂತೆ ರಾಜ್ಯದ ಕೆಲಸಕ್ಕಾಗಿಯೇ 1941ರ ಕಾಯ್ದೆಯಂತೆ ಹೈದರಾಬಾದ್ ಸ್ಟೇಟ್ ಬ್ಯಾಂಕ್ ಹುಟ್ಟಿತು. 1956ರಲ್ಲಿ ಅದಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಎಂದು ಹೆಸರಾಯಿತು.

ಆ ನಿಜಾಮರ ನೋಟಿನ ಮೇಲೆ ಉರ್ದು, ಇಂಗ್ಲಿಷಿನ ಜೊತೆಗೆ ತೆಲುಗು, ಮರಾಠಿ, ಕನ್ನಡದಲ್ಲೂ ಮೌಲ್ಯ ಅಚ್ಚಾಗಿರುತ್ತಿತ್ತು. ನೋಟಿನ ಮೇಲೆ ಕನ್ನಡಕ್ಕೆ ಜಾಗವಿತ್ತು, ಕಚೇರಿಯಲ್ಲಿ ಇರಲಿಲ್ಲ. ಆಡಳಿತ ಉರ್ದುವಿನಲ್ಲಿ; 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಬೋಧನೆಯೂ ಉರ್ದುವಿನಲ್ಲಿ. ನೌಕರಿ ಬೇಕೆಂದರೆ ಕನ್ನಡದ ಹುಡುಗ ಉರ್ದು ಕಲಿಯಲೇಬೇಕು. ನಾನು ಬ್ಯಾಂಕಿನ ಕೆಲಸದ ಮೇಲೆ ಸಿಕಂದರಾಬಾದಿನಲ್ಲಿದ್ದಾಗ, ತಿಂಗಳ ಮೊದಲ ವಾರ ಪಿಂಚಣಿಗೆ ಬರುತ್ತಿದ್ದ ಹಿರಿಯರಲ್ಲಿ ಕೆಲವರು ಸೊಗಸಾದ ಉರ್ದುವಿನಲ್ಲಿ ರುಜು ಮಾಡುತ್ತಿದ್ದರು. ಹೆಸರು ನೋಡಿದರೆ ಶರಣಪ್ಪ, ಗುಂಡೇರಾವ್! ಕೌಂಟರಿನ ಆಚೆಯಿಂದ "ಆರಾಮ್ ಇದ್ದೀರೇನ್ರಿ?" ಎಂದು ಕೇಳಿದರೆ ಅವರ ಮುಖ ಅರಳುತ್ತಿತ್ತು. ಮಾತಾಡೋದು ಕನ್ನಡ, ಓದುಬರಹ ಉರ್ದು, ಪೇಟೆಯಲ್ಲಿ ತೆಲುಗು. ಮೂರಕ್ಕೂ ಅವರಲ್ಲಿ ಬೇರೆ ಬೇರೆ ಖಾತೆ.

ಈ ಹಿರಿಯರ ಕಾಲದಲ್ಲಿ ಮುಖ್ಯವಾದ ಮಾತು 'ಮುಲ್ಕಿ'. ಮುಲ್ಕಿ ಎಂದರೆ ನಾಡಿನವನು, ಗೈರ್ ಮುಲ್ಕಿ ಎಂದರೆ ಹೊರಗಿನವನು. ನಿಜಾಮರ ಸರ್ಕಾರದ ನೌಕರಿ ಮುಲ್ಕಿಗಳಿಗೆ ಮೀಸಲು. ಹೊರಗಿನವನು ಮುಲ್ಕಿ ಆಗಬೇಕಾದರೆ 15 ವರ್ಷ ಅಲ್ಲಿ ವಾಸ ಮಾಡಿರಬೇಕು ಎಂದು 1919ರಲ್ಲಿ ನಿಯಮವಾಯಿತು. ಈ ಲೆಕ್ಕದಲ್ಲಿ ಬೀದರದ ಕನ್ನಡಿಗ ಮುಲ್ಕಿ, ಬಳ್ಳಾರಿಯ ಕನ್ನಡಿಗ ಗೈರ್ ಮುಲ್ಕಿ. ಒಂದೇ ಭಾಷೆಯವರು ಒಂದೇ ಓಣಿಯಲ್ಲಿದ್ದರೂ ಸರ್ಕಾರದ ಕಾಗದದಲ್ಲಿ ಬೇರೆ ಬೇರೆ ದೇಶದವರು. ಆದ್ದರಿಂದ ಮುಲ್ಕಿ ಕನ್ನಡಿಗರು ಶಹರಿನ ದಫ್ತರುಗಳಲ್ಲಿ, ಹೊರಗಿನಿಂದ ಬಂದವರು ಹೆಚ್ಚಾಗಿ ಲಷ್ಕರಿನ ರೈಲ್ವೆ, ಸೈನ್ಯದ ಕಚೇರಿ, ಹೋಟೆಲುಗಳಲ್ಲಿ ಕಾಣಿಸಿಕೊಂಡರು. ಇಬ್ಬರನ್ನೂ ಒಂದೇ ಚಾಪೆಯ ಮೇಲೆ ಕೂಡಿಸಿದ್ದು ಕನ್ನಡದ ಸಂಸ್ಥೆಗಳು: ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರ, ನೃಪತುಂಗನ ಹೆಸರಿನ ಕನ್ನಡ ಶಾಲೆ. ಉಸ್ಮಾನಿಯಾದಲ್ಲಿ ಕನ್ನಡ ಕಲಿಸುತ್ತಿದ್ದ ಡಿ.ಕೆ. ಭೀಮಸೇನರಾಯರಂಥ ವಿದ್ವಾಂಸರು ಕನ್ನಡದ ಕೆಲಸಕ್ಕೆ ಬೆನ್ನೆಲುಬಾಗಿದ್ದರು.

1948ರ ಸೆಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆ ನಡೆದು ಹೈದರಾಬಾದು ಭಾರತಕ್ಕೆ ಸೇರಿತು. ಮುಂದೆ ಎಂಟು ವರ್ಷ ಅದು ಒಂದೇ ರಾಜ್ಯವಾಗಿ ಉಳಿಯಿತು. ಆಮೇಲೆ 1956ರ ನವೆಂಬರ್ 1. ನಮಗೆ ಅದು ಹಬ್ಬದ ದಿನ. ಕನ್ನಡ ನಾಡು ಒಂದಾದ ದಿನ. ಹಬ್ಬವೇ ಸರಿ. ಆದರೆ ಆ ದಿನ ಹೈದರಾಬಾದು, ಲಷ್ಕರುಗಳಲ್ಲಿದ್ದ ಕನ್ನಡಿಗರ ಮನೆಯಲ್ಲಿ ಬೇರೆ ಲೆಕ್ಕ ನಡೆದಿತ್ತು. ಮೂರು ಜಿಲ್ಲೆ ಮೈಸೂರಿಗೆ ಹೋದವು, ರಾಜಧಾನಿ ಆಂಧ್ರಪ್ರದೇಶಕ್ಕೆ ಹೋಯಿತು. ಜಿಲ್ಲೆಗಳೂ ಇಡಿಯಾಗಿ ಬರಲಿಲ್ಲ: ಗುಲ್ಬರ್ಗಾದ ಕೊಡಂಗಲ್, ತಾಂಡೂರು, ರಾಯಚೂರಿನ ಗದ್ವಾಲ, ಆಲಂಪುರ ತಾಲೂಕುಗಳು ಆಂಧ್ರಕ್ಕೆ ಹೋದವು. ಸರ್ಕಾರಿ ನೌಕರರನ್ನು ರಾಜ್ಯ ರಾಜ್ಯಗಳ ನಡುವೆ ಹಂಚಿದರು. ಯಾರು ಎಲ್ಲಿಗೆ, ಯಾರ ಸೀನಿಯಾರಿಟಿ ಎಷ್ಟು ಎಂಬ ತಕರಾರು ವರ್ಷಗಟ್ಟಲೆ ನಡೆಯಿತು. ಅಣ್ಣ ಬೆಂಗಳೂರಿಗೆ, ತಮ್ಮ ಹೈದರಾಬಾದಿನಲ್ಲೇ. ಹೊಲ ಚಿಂಚೋಳಿಯಲ್ಲಿ, ಮನೆ ಮಾರೇಡ್‌ಪಲ್ಲಿಯಲ್ಲಿ. ಇಂಥ ಮನೆಗಳು ಒಂದೆರಡಲ್ಲ. "ನಾ ಎಲ್ಲೂ ಹೋಗಿಲ್ರಿ ಸಾಹೇಬ್ರ, ನಮ್ಮ ಗುಲ್ಬರ್ಗಾನೇ ಬ್ಯಾರೆ ರಾಜ್ಯಕ್ಕ ಹೋತು" ಎಂದು ಹಿರಿಯರೊಬ್ಬರು ನನಗೆ ಹೇಳಿದ್ದರು. ದೂರು ಹೇಳುವ ಧಾಟಿ ಅದಲ್ಲ, ವಿಳಾಸ ಬದಲಾದದ್ದನ್ನು ಬ್ಯಾಂಕಿಗೆ ತಿಳಿಸಿದ ಹಾಗಿತ್ತು.

ಇದಾದ ಹತ್ತು ವರ್ಷಕ್ಕೆ ಎರಡನೆಯ ಅಲೆ ಬಂತು. 1966ರ ಅಕ್ಟೋಬರ್ 2ರಂದು ದಕ್ಷಿಣ ಮಧ್ಯ ರೈಲ್ವೆ ಆರಂಭವಾಯಿತು. ಅದರ ಕೇಂದ್ರ ಸಿಕಂದರಾಬಾದು. ಹುಬ್ಬಳ್ಳಿ ವಿಭಾಗ ಅದಕ್ಕೆ ಸೇರಿತು. ಹುಬ್ಬಳ್ಳಿಯ ರೈಲ್ವೆ ನೌಕರನಿಗೆ ಬಡ್ತಿ ಎಂದರೆ, ಪರೀಕ್ಷೆ ಎಂದರೆ, ತಕರಾರು ಎಂದರೆ ಸಿಕಂದರಾಬಾದಿನ ರೈಲ್ ನಿಲಯಂ ಎಂದಾಯಿತು. 2003ರ ಏಪ್ರಿಲ್ 1ರಂದು ಹುಬ್ಬಳ್ಳಿಯೇ ನೈಋತ್ಯ ರೈಲ್ವೆಯ ಕೇಂದ್ರವಾಗುವ ತನಕ ಮೂವತ್ತಾರು ವರ್ಷ ಇದು ನಡೆಯಿತು. ಬ್ಯಾಂಕಿನವರದ್ದೂ ಇದೇ ಹಾದಿ. 1969ರಲ್ಲಿ ಕೆನರಾ, ಸಿಂಡಿಕೇಟ್, 1980ರಲ್ಲಿ ಕಾರ್ಪೊರೇಷನ್, ವಿಜಯಾ ಬ್ಯಾಂಕುಗಳು ರಾಷ್ಟ್ರೀಕರಣವಾದವು. ನಾಲ್ಕೂ ಕರಾವಳಿಯಲ್ಲಿ ಹುಟ್ಟಿದವು. ಶಾಖೆಗಳು ಹೆಚ್ಚಿದಂತೆ ಉಡುಪಿ, ಕುಂದಾಪುರದ ಹುಡುಗರು ವರ್ಗಾವಣೆ ಪತ್ರ ಹಿಡಿದು ಲಷ್ಕರಿನ ಬೀದಿಗಳಿಗೆ ಬಂದರು.

ಬಂದವರು ನೆಲೆ ನಿಂತದ್ದು ಹೇಗೆ? ಕಚೇರಿಯ ಕೆಲಸ ಎಲ್ಲಿದ್ದರೂ ಒಂದೇ. ಲೆಡ್ಜರಿಗೆ ಭಾಷೆ ಇಲ್ಲ. ಕಷ್ಟವೆಲ್ಲ ಮನೆಯವರಿಗೆ. ಮೋಂಡಾ ಮಾರ್ಕೆಟ್ಟಿನಲ್ಲಿ "ಎಕ್ಕಡ?" ಎಂದರೆ ಎಲ್ಲಿ ಎಂದರ್ಥ, ನಮ್ಮವರ ಕಿವಿಗೆ ಅದು ಕಾಲಿನ ಎಕ್ಕಡ. 'ಆವು' ಎಂದರೆ ಅಲ್ಲಿ ಹಸು, ನಮಗೆ ಹಾವು ಎಂದು ಕೇಳಿಸುತ್ತದೆ. 'ಪಾಲು' ಎಂದರೆ ಹಾಲು. ನಮ್ಮಲ್ಲಿ ಪಾಲು ಕೇಳಿದರೆ ಜಗಳ! ಆದರೆ ಅಕ್ಷರ ಹೆಚ್ಚುಕಡಿಮೆ ಒಂದೇ ಆದ್ದರಿಂದ ಬಸ್ಸಿನ ಬೋರ್ಡು ಓದಲು ವಾರವೇ ಸಾಕು. ಬಡಗಿನ ನಮ್ಮವರಿಗೆ ಊಟದ ಚಿಂತೆಯೂ ಕಡಿಮೆ: ನಮ್ಮ ಜೋಳದ ರೊಟ್ಟಿ ಅಲ್ಲಿ ಜೊನ್ನ ರೊಟ್ಟೆ, ಪುಂಡಿಪಲ್ಯ ಅಲ್ಲಿ ಗೋಂಗೂರ. ಕುಡಿಯುವ ನೀರೂ ತೀರ ಪರಕೀಯವಲ್ಲ. 1960ರ ದಶಕದಿಂದ ಆ ಅವಳಿ ನಗರಕ್ಕೆ ನೀರು ಕೊಟ್ಟ ಮಂಜೀರಾ ನದಿ ನಮ್ಮ ಬೀದರ ಜಿಲ್ಲೆಯನ್ನು ಹಾದುಕೊಂಡೇ ಹೋಗುತ್ತದೆ.

ನಿಜವಾದ ತೊಡಕು ಮಕ್ಕಳ ಶಾಲೆಯದು. ಮುಲ್ಕಿ ನಿಯಮಗಳ ವಿಷಯದಲ್ಲಿ ತೆಲಂಗಾಣದಲ್ಲಿ ದೊಡ್ಡ ಚಳವಳಿಗಳಾಗಿ, 1973ರಲ್ಲಿ ಸಂವಿಧಾನಕ್ಕೆ 371-ಡಿ ವಿಧಿ ಸೇರಿತು. ಅದರಡಿ ಬಂದ ಆದೇಶಗಳ ಪ್ರಕಾರ ಸ್ಥಳೀಯ ಅಭ್ಯರ್ಥಿ ಎನ್ನಿಸಿಕೊಳ್ಳಲು ಮುಖ್ಯ ದಾರಿ, ಅರ್ಹತಾ ಪರೀಕ್ಷೆಯ ತನಕ ಸತತ ನಾಲ್ಕು ವರ್ಷ ಅಲ್ಲೇ ಓದಿರುವುದು. ಮೂರು ವರ್ಷಕ್ಕೊಮ್ಮೆ ವರ್ಗವಾಗುವ ಅಪ್ಪನ ಮಕ್ಕಳಿಗೆ ಇದು ಎಲ್ಲಿಂದ ಬರಬೇಕು? ಕರ್ನಾಟಕಕ್ಕೆ ಮರಳೋಣವೆಂದರೆ ಇಲ್ಲಿ ವೃತ್ತಿಶಿಕ್ಷಣಕ್ಕೆ ಏಳು ವರ್ಷ ಓದಿದ ದಾಖಲೆ ಕೇಳುತ್ತಾರೆ. ಇಲ್ಲವಾದರೆ 'ಹೊರನಾಡ ಕನ್ನಡಿಗ' ಎಂಬ ಕಲಮಿನಡಿ ಕನ್ನಡ ಪರೀಕ್ಷೆ ಬರೆಯಬೇಕು. ಅದಕ್ಕಾಗಿಯೇ ಎಷ್ಟೋ ಮನೆಗಳಲ್ಲಿ ಗಂಡ ಒಬ್ಬನೇ ವರ್ಗವಾಗಿ ಹೋದ, ಹೆಂಡತಿ ಮಕ್ಕಳು ಲಷ್ಕರಿನಲ್ಲೇ ಉಳಿದರು. ಬಾಡಿಗೆ ಮನೆ ಸ್ವಂತ ಮನೆಯಾಯಿತು. ಎರಡು ವರ್ಷಕ್ಕೆಂದು ಬಂದವರು ಹೀಗೆ ಎರಡು ತಲೆಮಾರು ಕಳೆದರು.

ಕಾಗದಗಳು ಆಮೇಲೂ ಬದಲಾಗುತ್ತಲೇ ಹೋದವು. 2012ರ ಸಂವಿಧಾನ ತಿದ್ದುಪಡಿಯಿಂದ ನಮ್ಮ ಹೈದರಾಬಾದ್ ಕರ್ನಾಟಕಕ್ಕೆ 371-ಜೆ ಬಂತು; ಅಲ್ಲೂ ಸ್ಥಳೀಯ ಯಾರು ಎಂಬ ಪ್ರಶ್ನೆ, ಅದಕ್ಕೊಂದು ಪ್ರಮಾಣಪತ್ರ. 2014ರ ಜೂನ್ 2ರಂದು ತೆಲಂಗಾಣ ಹುಟ್ಟಿತು. 2017ರ ಏಪ್ರಿಲ್ 1ರಂದು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್ ಹೆಸರು ಅಳಿಸಿ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. 2019ರಲ್ಲಿ ಹೈದರಾಬಾದ್ ಕರ್ನಾಟಕದ ಹೆಸರೇ ಕಲ್ಯಾಣ ಕರ್ನಾಟಕವಾಯಿತು. ಹೆಸರು ಬದಲಾದರೂ ದಾರಿ ಬದಲಾಗಲಿಲ್ಲ. ಬೀದರದಿಂದ ಹೈದರಾಬಾದು ಸುಮಾರು 140 ಕಿಲೋಮೀಟರು, ಬೆಂಗಳೂರು 700ರ ಹತ್ತಿರ. ದೊಡ್ಡ ಕಾಯಿಲೆ ಬಂದರೆ, ಮದುವೆಯ ಜವಳಿ ತರಬೇಕಾದರೆ ಬೀದರದವರು ಯಾವ ಬಸ್ಸು ಹತ್ತುತ್ತಾರೆ ಎಂದು ಬೇರೆ ಹೇಳಬೇಕಿಲ್ಲ.

ಈಗ ಐಟಿ ಕೆಲಸಕ್ಕೆ ಹೋಗುವ ನಮ್ಮ ಹುಡುಗರು ಲಷ್ಕರಿಗೆ ಹೋಗುವುದಿಲ್ಲ. ಮಾಧಾಪುರ, ಕೊಂಡಾಪುರದಲ್ಲಿ ಫ್ಲಾಟು ಹಿಡಿಯುತ್ತಾರೆ. ಅವರಿಗೆ ಇಂಗ್ಲಿಷ್ ಸಾಕು, ಮುಲ್ಕಿ ಎಂಬ ಮಾತೇ ಗೊತ್ತಿಲ್ಲ. ಹಳೆಯ ಕುಟುಂಬಗಳ ಮೊಮ್ಮಕ್ಕಳು ಮನೆಯಲ್ಲಿ ಕನ್ನಡ ಮಾತಾಡುತ್ತಾರೆ, ಓದುವುದು ಕಡಿಮೆ. ಉರ್ದುವಿನಲ್ಲಿ ರುಜು ಮಾಡಿದ ಅಜ್ಜನಿಗೂ ಇಂಗ್ಲಿಷಿನಲ್ಲಿ ರುಜು ಮಾಡುವ ಮೊಮ್ಮಗನಿಗೂ ನಡುವೆ ಕನ್ನಡದಲ್ಲಿ ರುಜು ಮಾಡಿದ ತಲೆಮಾರು ಒಂದೇ ಒಂದು. ಆ ತಲೆಮಾರನ್ನು ತಯಾರು ಮಾಡಿದ್ದರಲ್ಲಿ ಕಾಚಿಗುಡದ ಕನ್ನಡ ಶಾಲೆ ಮತ್ತು ಸಾಹಿತ್ಯ ಮಂದಿರದಂಥ ಸಂಸ್ಥೆಗಳ ಪಾಲು ದೊಡ್ಡದು.

ಅದಕ್ಕೇ ಕರ್ನಾಟಕದ ಓದುಗರಲ್ಲಿ ಒಂದು ಮಾತು. ಅಲ್ಲಿಂದ ಯಾರಾದರೂ ಕನ್ನಡ ಶಾಲೆಗೆ ಪುಸ್ತಕ ಬೇಕು, ಮೇಷ್ಟರು ಬೇಕು ಎಂದು ಕೇಳಿದರೆ ಹೊರಗಿನವರು ಬೇಡಲು ಬಂದರು ಎಂದು ತಿಳಿಯಬೇಡಿ. ನಾವು ನವೆಂಬರ್ ಒಂದರಂದು ಒಂದಾದಾಗ ಆಚೆ ಉಳಿದ ಬಾಕಿ ಅದು, ನಮ್ಮ ಖಾತೆಯದೇ ಬಾಕಿ.